ಗುಂಡು ಬಟಾಣಿಯೊಳಗಿನ ಸುಕ್ಕಿನ ಆಲೀಲ್: ಒಂದು ಸಂಕರಣ ಪ್ರಯೋಗದ ದಾಖಲೆ

ಎರಡು ಗುಂಡು ಬಟಾಣಿ ಬೀಜಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ವ್ಯತ್ಯಾಸವೇ ಕಾಣದಿರಬಹುದು. ಆದರೂ ಅವುಗಳಲ್ಲೊಂದು ಸುಕ್ಕುಗಟ್ಟುವ ಗುಣವನ್ನು ಒಳಗೇ ಹೊತ್ತಿರಬಹುದು, ಇನ್ನೊಂದರಲ್ಲಿ ಅದರ ಸುಳಿವೂ ಇಲ್ಲದಿರಬಹುದು. ಇದನ್ನು ತಿಳಿಯಲು ಎಲ್ಲರೂ ಬಲ್ಲ ದಾರಿಯೆಂದರೆ ಎರಡನ್ನೂ ಬಿತ್ತಿ, ಬೆಳೆಸಿ, ಅವುಗಳ ಕಾಯಿಗಳನ್ನು ಬಿಡಿಸಿ ನೋಡುವುದು. ಬಿತ್ತುವ ಮೊದಲೇ, ಬೀಜದ ಒಂದು ಚಿಟಿಕೆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಉತ್ತರ ಹೇಳಲಾಗುವುದೇ ಎಂದು ಪರೀಕ್ಷಿಸುವುದು ಈ ಪ್ರಯೋಗದ ಉದ್ದೇಶ. ಅದಕ್ಕೆ ಬೇಕಾದ ಬೀಜಗಳನ್ನು ಕೈಯಾರೆ ಸಂಕರಣ ಮಾಡಿಯೇ, ಎಂದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಸವರಿಯೇ ಪಡೆಯಬೇಕಿತ್ತು, ಏಕೆಂದರೆ ಒಳಗೇನಿದೆಯೆಂದು ಖಚಿತವಾಗಿ ತಿಳಿದಿರುವ ಬೀಜಗಳಿಲ್ಲದೆ ಹೋಲಿಕೆ ಸಾಧ್ಯವಿಲ್ಲ.

ಮುಂದಿನ ಬರಹ ಸುಲಭವಾಗಲೆಂದು ಗುರುತುಗಳನ್ನು ಇಲ್ಲಿಯೇ ನಿಗದಿ ಮಾಡಿಕೊಳ್ಳುತ್ತೇನೆ. ಬೀಜದ ಆಕಾರವನ್ನು ನಿರ್ಧರಿಸುವ ಒಂದು ವಂಶವಾಹಿಯ ಎರಡು ಪ್ರತಿಗಳು ಪ್ರತಿ ಬಟಾಣಿ ಗಿಡದಲ್ಲಿರುತ್ತವೆ. ಒಂದು ಅಂಡಾಣುವಿನ ಮೂಲಕ ತಾಯಿ ಗಿಡದಿಂದ, ಮತ್ತೊಂದು ಪರಾಗದ ಮೂಲಕ ತಂದೆ ಗಿಡದಿಂದ ಬಂದದ್ದು. ಒಂದೇ ವಂಶವಾಹಿಯ ಭಿನ್ನ ರೂಪಗಳಿಗೆ ಆಲೀಲ್‌ಗಳೆನ್ನುತ್ತಾರೆ. ಬೀಜವನ್ನು ಗುಂಡಗೆ ಉಳಿಸುವ ಆಲೀಲನ್ನು ‘ಗ’ ಎಂದೂ ಸುಕ್ಕುಗಟ್ಟಿಸುವುದನ್ನು ‘ಸ’ ಎಂದೂ ಕರೆಯೋಣ. ಹಾಗಾದರೆ ಮೂರು ಜೋಡಿಗಳು ಸಾಧ್ಯ: ಗಗ, ಗಸ, ಸಸ. ಮೊದಲೆರಡು ಗುಂಡು, ಕೊನೆಯದು ಮಾತ್ರ ಸುಕ್ಕು.

ತಾಯಿ ಮತ್ತು ತಂದೆಯ ಆಯ್ಕೆ

ಬಟಾಣಿ ತನ್ನ ಪರಾಗದಿಂದ ತಾನೇ ಫಲ ಕಟ್ಟುವ ಸಸ್ಯ. ಹೂವು ಅರಳುವ ಮೊದಲೇ, ಮೊಗ್ಗಿನೊಳಗೇ ಪರಾಗಸ್ಪರ್ಶ ಮುಗಿದಿರುತ್ತದೆ. ಆದ್ದರಿಂದ ತಲೆಮಾರುಗಳಿಂದ ಒಂದೇ ತೆರನ ಬೀಜ ಕೊಡುತ್ತಿರುವ ತಳಿಯ ಗಿಡಗಳಲ್ಲಿ ಎರಡೂ ಆಲೀಲ್‌ಗಳು ಒಂದೇ ಆಗಿರುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಆದರೂ ಕೈಗೆ ಸಿಕ್ಕ ಬೀಜವನ್ನು ಹಾಗೆಯೇ ನಂಬುವುದು ಒಳ್ಳೆಯ ಅಭ್ಯಾಸವಲ್ಲ. ಗ್ರೆಗರ್ ಮೆಂಡೆಲ್ ಕೂಡ 34 ತಳಿಗಳನ್ನು ತರಿಸಿ, ಎರಡು ವರ್ಷ ಬೆಳೆಸಿ ಪರೀಕ್ಷಿಸಿದ ಮೇಲೆ 22ನ್ನು ಮಾತ್ರ ಉಳಿಸಿಕೊಂಡಿದ್ದ. ನಾನು ಎರಡೂ ತಳಿಗಳನ್ನು ಒಂದು ಸಲ ಹಾಗೆಯೇ ಬೆಳೆಸಿ, ಗುಂಡಿನಿಂದ ಗುಂಡು, ಸುಕ್ಕಿನಿಂದ ಸುಕ್ಕು ಮಾತ್ರ ಬರುತ್ತದೆಂದು ಖಚಿತಪಡಿಸಿಕೊಂಡ ನಂತರವೇ ಸಂಕರಣಕ್ಕೆ ಕೈ ಹಾಕಿದೆ.

ಯಾವುದನ್ನು ತಾಯಿಯಾಗಿಸಬೇಕು ಎಂಬ ಪ್ರಶ್ನೆಗೆ ತಳಿಶಾಸ್ತ್ರದ ದೃಷ್ಟಿಯಿಂದ ಯಾವುದಾದರೂ ಆದೀತು. ತಿರುಗಿಸಿ ಮಾಡಿದರೂ ಫಲಿತಾಂಶ ಒಂದೇ ಎಂಬುದನ್ನು ಮೆಂಡೆಲ್ ತೋರಿಸಿದ್ದಾನೆ. ಆದರೆ ಕೆಲಸದ ದೃಷ್ಟಿಯಿಂದ ಸುಕ್ಕು ಬೀಜದ ಗಿಡವೇ ತಾಯಿಯಾಗುವುದು ಲೇಸು. ಸಂಕರಣ ಕೈಗೂಡಿದರೆ ಅದರ ಕಾಯಿಯಲ್ಲಿ ಗುಂಡು ಬೀಜಗಳು ಕಾಣಬೇಕು. ಪರಾಗ ಕೊಡುವ ಕೇಸರವನ್ನು ತೆಗೆಯುವಷ್ಟರಲ್ಲಿ ಗಿಡ ತನ್ನ ಪರಾಗವನ್ನು ತಾನೇ ಬಳಸಿಕೊಂಡುಬಿಟ್ಟಿದ್ದರೆ ಬೀಜ ಸುಕ್ಕಾಗಿಯೇ ಉಳಿಯುತ್ತದೆ, ಮೋಸ ತಕ್ಷಣ ಬಯಲಾಗುತ್ತದೆ. ಗುಂಡು ತಳಿಯನ್ನು ತಾಯಿಯಾಗಿಸಿದರೆ ಈ ಎರಡು ಸಂದರ್ಭಗಳನ್ನು ಬೀಜ ನೋಡಿ ಬೇರ್ಪಡಿಸಲು ಬರುವುದಿಲ್ಲ.

ಕುಂಡ, ಮಣ್ಣು, ಆಸರೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೀರು ನಿಲ್ಲದ ಮಣ್ಣು, ಕುಡಿಬಳ್ಳಿ ಹಿಡಿದು ಏರಲು ತೆಳುವಾದ ಕಡ್ಡಿಗಳು, ಒಳ್ಳೆಯ ಬೆಳಕು ಮತ್ತು ತಂಪು ಹವೆ ಇದ್ದರೆ ಬಟಾಣಿ ತಾನಾಗಿ ಬೆಳೆಯುತ್ತದೆ. ಹೂ ಬಿಡುವ ಹೊತ್ತಿನಲ್ಲಿ ಬಿಸಿಲು ಜೋರಾದರೆ ಮಾತ್ರ ಹೂವುಗಳು ಉದುರುತ್ತವೆ, ಅದನ್ನು ಗಮನದಲ್ಲಿಟ್ಟು ಬಿತ್ತನೆಯ ಕಾಲವನ್ನು ಆರಿಸಬೇಕು. ತಂದೆ ಗಿಡಗಳನ್ನು ಒಂದೇ ಸಲ ಬಿತ್ತದೆ ಕೆಲವು ದಿನಗಳ ಅಂತರದಲ್ಲಿ ಬಿತ್ತಿದ್ದರಿಂದ, ತಾಯಿಯ ಮೊಗ್ಗು ಹದಕ್ಕೆ ಬಂದಾಗಲೆಲ್ಲ ತಾಜಾ ಪರಾಗ ಸಿಕ್ಕಿತು.

ಮೊಗ್ಗಿನ ಕೆಲಸ

ಇಡೀ ಪ್ರಯೋಗದಲ್ಲಿ ತಾಳ್ಮೆ ಬೇಡುವ ಭಾಗವಿದು. ಬಟಾಣಿ ಹೂವಿನಲ್ಲಿ ಹಿಂದೆ ಅಗಲವಾದ ಒಂದು ಧ್ವಜದಳ, ಅಕ್ಕಪಕ್ಕದಲ್ಲಿ ಎರಡು ರೆಕ್ಕೆದಳ, ಅವುಗಳ ನಡುವೆ ಎರಡು ದಳಗಳು ಸೇರಿ ಆದ ದೋಣಿದಳ ಇರುತ್ತವೆ. ಹತ್ತು ಕೇಸರಗಳೂ ಅಂಡಾಶಯವೂ ಈ ದೋಣಿಯೊಳಗೆ ಮುಚ್ಚಿಕೊಂಡಿರುತ್ತವೆ. ಹತ್ತರಲ್ಲಿ ಒಂಬತ್ತು ಕೇಸರಗಳ ದಂಡಗಳು ಅಂಡಾಶಯದ ಸುತ್ತ ಕೊಳವೆಯಂತೆ ಕೂಡಿಕೊಂಡಿದ್ದರೆ ಹತ್ತನೆಯದು ಬಿಡಿಯಾಗಿರುತ್ತದೆ. ಬಿಡಿಯಾದ ಈ ಒಂದನ್ನು ಮರೆತು ಬಿಡುವುದು ಬಹಳ ಸುಲಭವಾದ್ದರಿಂದ ಪ್ರತಿ ಮೊಗ್ಗಿನಲ್ಲೂ ಹತ್ತು ಪರಾಗಕೋಶಗಳನ್ನು ಎಣಿಸಿ ಕಾಗದದ ಮೇಲೆ ಇಡುವ ರೂಢಿ ಮಾಡಿಕೊಳ್ಳಬೇಕು.

ಮೊಗ್ಗಿನ ಹದ ನಿರ್ಣಾಯಕ. ದಳಗಳು ಪುಷ್ಪಪಾತ್ರೆಯಿಂದ ಹೊರಗೆ ಇಣುಕಿದ್ದು, ಇನ್ನೂ ಹಸಿರು ಛಾಯೆಯಲ್ಲಿದ್ದು, ಬಿಗಿಯಾಗಿ ಮಡಚಿಕೊಂಡಿರಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಪರಾಗಕೋಶಗಳು ಒಡೆಯದೆ ನುಣುಪಾಗಿ, ತುಂಬಿಕೊಂಡಂತೆ ಕಾಣಬೇಕು. ಅಂಡಾಶಯದಿಂದ ಮೇಲೆದ್ದ ಕಡ್ಡಿಯಂಥ ಶಲಾಕೆಯ, ಪರಾಗ ಹಿಡಿಯುವ ತುದಿಯಾದ ಶಲಾಕಾಗ್ರದ ಸುತ್ತ ಹಳದಿ ಪುಡಿ ಒಂದಿಷ್ಟು ಕಂಡರೂ ಆ ಮೊಗ್ಗನ್ನು ಕಿತ್ತು ಬಿಸಾಡಬೇಕು. ಅಲ್ಲಿ ಗಿಡದ ಕೆಲಸ ಮುಗಿದಿದೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೊಗ್ಗನ್ನು ಹಿಡಿದು, ಧ್ವಜದಳವನ್ನೂ ರೆಕ್ಕೆದಳಗಳನ್ನೂ ಹಿಂದಕ್ಕೆ ಸರಿಸಿ, ದೋಣಿದಳದ ಅಂಚನ್ನು ಚೂಪಾದ ಚಿಮಟದಿಂದ ಸೀಳಿದೆ. ಬೆರಳುಗಳಿಂದ ಬುಡವನ್ನು ಮೆಲ್ಲಗೆ ಒತ್ತಿದರೆ ಕೇಸರಗಳು ಆ ಸೀಳಿನಿಂದ ಹೊರಗೆ ಬಾಗುತ್ತವೆ. ಪರಾಗಕೋಶಗಳನ್ನು ಹಿಸುಕದೆ, ದಂಡವನ್ನು ಹಿಡಿದು ಒಂದೊಂದಾಗಿ ಎಳೆಯಬೇಕು. ಶಲಾಕೆಗೆ ಚಿಮಟ ತಾಗಿ ಗಾಯವಾದರೆ ಮೊಗ್ಗು ಕಾಯಿ ಕಟ್ಟದೆ ಒಣಗುತ್ತದೆ.

ಶಲಾಕಾಗ್ರ ಈ ಹಂತದಲ್ಲೇ ಪರಾಗವನ್ನು ಸ್ವೀಕರಿಸಲು ಸಿದ್ಧವಾಗಿರುವುದರಿಂದ ಮರುದಿನಕ್ಕೆ ಕಾಯುವ ಅಗತ್ಯವಿಲ್ಲ. ಅಂದೇ ಅರಳಿದ ತಂದೆ ಹೂವನ್ನು ಕಿತ್ತು, ದಳಗಳನ್ನು ತೆಗೆದರೆ, ಶಲಾಕೆಯ ತುದಿಯ ಒಳಮೈಯಲ್ಲಿ ಸಾಲಾಗಿರುವ ಸಣ್ಣ ರೋಮಗಳಿಗೆ ಪರಾಗ ದಟ್ಟವಾಗಿ ಅಂಟಿಕೊಂಡಿರುತ್ತದೆ. ಆ ಶಲಾಕೆಯೇ ಕುಂಚ. ಬೇರೆ ಕುಂಚ ಬೇಕಿಲ್ಲ. ಅದನ್ನು ತಾಯಿಯ ಶಲಾಕಾಗ್ರಕ್ಕೆ ಸವರಿ, ದಳಗಳನ್ನು ಮೊದಲಿನಂತೆ ಮುಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ, ತೆಳುವಾದ ಕಾಗದದ ಚೀಲ ತೊಡಿಸಿದೆ. ಒಂದು ಗಿಡದಲ್ಲಿ ಸಂಕರಣದ ಕಾಯಿಗಳು ಕೆಲವೇ ಇರಲಿ. ಉಳಿದ ಹೂಗಳನ್ನು ಚಿವುಟಿ ಹಾಕಿದರೆ ಗಿಡದ ಶಕ್ತಿ ಅವುಗಳಿಗೆ ಸಿಗುತ್ತದೆ.

ಮೊದಲ ಕಾಯಿ

ಬೀಜದ ಆಕಾರವನ್ನು ಆರಿಸಿಕೊಂಡದ್ದರ ದೊಡ್ಡ ಲಾಭ ಇಲ್ಲಿ ಗೊತ್ತಾಗುತ್ತದೆ. ಹೂವಿನ ಬಣ್ಣವನ್ನೋ ಗಿಡದ ಎತ್ತರವನ್ನೋ ನೋಡಬೇಕಾದರೆ ಸಂಕರಣದ ಬೀಜವನ್ನು ಬಿತ್ತಿ ಗಿಡ ಮಾಡಬೇಕು. ಬೀಜದ ಹೊರಸಿಪ್ಪೆ ತಾಯಿ ಗಿಡದ ಅಂಗಾಂಶ, ಅದು ತಾಯಿಯ ಆಲೀಲ್‌ಗಳನ್ನೇ ಹೇಳುತ್ತದೆ. ಆದರೆ ಆಕಾರವನ್ನು ನಿರ್ಧರಿಸುವ ಬೀಜದಳಗಳು ಭ್ರೂಣದ ಭಾಗಗಳು, ಎಂದರೆ ಮುಂದಿನ ತಲೆಮಾರಿನವು. ಹಾಗಾಗಿ ತಾಯಿಯ ಬಳ್ಳಿಯಲ್ಲಿ ತೂಗುತ್ತಿರುವ ಕಾಯಿಯೊಳಗೇ ಮಕ್ಕಳ ಲಕ್ಷಣವನ್ನು ಓದಬಹುದು.

ಕಾಯಿ ಹಸಿಯಾಗಿರುವಾಗ ಬಿಡಿಸಿ ನೋಡಿದರೆ ಮಾತ್ರ ಏನೂ ತಿಳಿಯುವುದಿಲ್ಲ. ಹಸಿ ಬಟಾಣಿಯಲ್ಲಿ ಸಸ ಬೀಜವೂ ಉಬ್ಬಿ ಗುಂಡಗೇ ಇರುತ್ತದೆ. ಸುಕ್ಕು ಬೀಳುವುದು ಒಣಗುವಾಗ. ಸಂಕರಣದ ಕಾಯಿಗಳನ್ನು ಬಳ್ಳಿಯಲ್ಲೇ ಸಿಪ್ಪೆ ಗರಿಗರಿಯಾಗುವವರೆಗೆ ಬಿಟ್ಟು ಬಿಡಿಸಿದಾಗ ಎಲ್ಲವೂ ಗುಂಡು ಬೀಜಗಳು. ಅದೇ ಗಿಡದ, ದಾರ ಕಟ್ಟದೆ ಬಿಟ್ಟಿದ್ದ ಒಂದು ಕಾಯಿಯ ಬೀಜಗಳು ಎಂದಿನಂತೆ ಸುಕ್ಕು. ಈ ಗುಂಡು ಬೀಜಗಳಲ್ಲಿ ಪ್ರತಿಯೊಂದೂ ಗಸ ಎಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ತಾಯಿ ಕೊಡಬಲ್ಲದ್ದು ಸ ಮಾತ್ರ, ತಂದೆ ಕೊಡಬಲ್ಲದ್ದು ಗ ಮಾತ್ರ. ಸೂಕ್ಷ್ಮದರ್ಶಕದ ಹೋಲಿಕೆಗೆ ಬೇಕಾಗಿದ್ದ ಮಾದರಿ ಇದೇ. ಅರ್ಧದಷ್ಟನ್ನು ಲಕೋಟೆಯಲ್ಲಿ ತೆಗೆದಿಟ್ಟು, ಉಳಿದದ್ದನ್ನು ಬಿತ್ತಿದೆ.

ಎರಡನೇ ತಲೆಮಾರಿನ ಎಣಿಕೆ

ಗಸ ಗಿಡಗಳಿಗೆ ಸಂಕರಣದ ಅಗತ್ಯವಿಲ್ಲ. ಅವು ತಮ್ಮ ಪರಾಗದಿಂದಲೇ ಕಾಯಿ ಕಟ್ಟಿದವು. ಪರಾಗ ಮತ್ತು ಅಂಡಾಣುಗಳು ರೂಪುಗೊಳ್ಳುವಾಗ ಜೋಡಿ ಬೇರ್ಪಟ್ಟು ಅರ್ಧದಷ್ಟರಲ್ಲಿ ಗ, ಇನ್ನರ್ಧದಲ್ಲಿ ಸ ಸೇರುತ್ತದೆ. ಯಾವ ಪರಾಗ ಯಾವ ಅಂಡಾಣುವನ್ನು ಮುಟ್ಟುತ್ತದೆ ಎಂಬುದು ಆಕಸ್ಮಿಕವಾದ್ದರಿಂದ ನಾಲ್ಕರಲ್ಲಿ ಒಂದು ಪಾಲು ಗಗ, ಎರಡು ಪಾಲು ಗಸ, ಒಂದು ಪಾಲು ಸಸ ಆಗಬೇಕು. ಕಣ್ಣಿಗೆ ಕಾಣುವುದು ಮೂರು ಗುಂಡಿಗೆ ಒಂದು ಸುಕ್ಕು. ಸ ಎರಡೂ ಕಡೆಯಿಂದ ಒಟ್ಟಾಗಿ ಬಂದಾಗ, ಹಿಂದಿನ ತಲೆಮಾರಿನಲ್ಲಿ ಕಾಣದೆ ಹೋಗಿದ್ದ ಸುಕ್ಕು ಒಂದಿಷ್ಟೂ ಮಾಸದೆ ಮರಳಿ ಬರುತ್ತದೆ. ಗುಂಡಿನ ಜೊತೆ ಒಂದು ತಲೆಮಾರು ಕಳೆದರೂ ಸ ಆಲೀಲಿನಲ್ಲಿ ಯಾವ ಬೆರಕೆಯೂ ಆಗಿರುವುದಿಲ್ಲ.

ಆದರೆ ಈ ಅನುಪಾತವನ್ನು ಪ್ರತಿ ಕಾಯಿಯಲ್ಲೂ ನಿರೀಕ್ಷಿಸಿದವರಿಗೆ ನಿರಾಶೆ ಖಂಡಿತ. ಎಂಟು ಬೀಜದ ಕಾಯಿಯಲ್ಲಿ ಸರಿಯಾಗಿ ಆರು ಗುಂಡು, ಎರಡು ಸುಕ್ಕು ಇರುವ ಸಾಧ್ಯತೆ ಶೇಕಡಾ 31ರಷ್ಟು ಮಾತ್ರ. ಒಂದೂ ಸುಕ್ಕಿಲ್ಲದಿರುವ ಸಾಧ್ಯತೆಯೇ ಶೇಕಡಾ 10. ನಾನು ಬಿಡಿಸಿದ ಕಾಯಿಗಳಲ್ಲಿ ಪೂರ್ತಿ ಗುಂಡಿನವೂ ಇದ್ದವು, ಅರ್ಧಕ್ಕರ್ಧ ಸುಕ್ಕಿನವೂ ಇದ್ದವು. ಮೆಂಡೆಲನ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಅವನು 1865ರಲ್ಲಿ ಬ್ರನೋ ನಗರದಲ್ಲಿ (ಇಂದಿನ ಚೆಕ್ ಗಣರಾಜ್ಯ) ಓದಿ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 253 ಗಿಡಗಳಿಂದ ಬಂದ 7324 ಬೀಜಗಳ ಎಣಿಕೆಯಿದೆ: 5474 ಗುಂಡು, 1850 ಸುಕ್ಕು, ಎಂದರೆ 2.96ಕ್ಕೆ 1. ಅದೇ ಪ್ರಬಂಧದಲ್ಲಿ ಒಂದು ಗಿಡ 43 ಗುಂಡು ಬೀಜಗಳಿಗೆ ಎರಡೇ ಸುಕ್ಕು ಬೀಜ ಕೊಟ್ಟದ್ದನ್ನೂ, ಮತ್ತೊಂದು ಗಿಡ 14 ಗುಂಡು, 15 ಸುಕ್ಕು ಕೊಟ್ಟದ್ದನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ. ಸುಂದರವಾದ ಮೊತ್ತಕ್ಕಿಂತ ಈ ಎರಡು ಗಿಡಗಳ ಉಲ್ಲೇಖವೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ.

ಎಣಿಸುವಾಗ ಸಂದೇಹದ ಬೀಜಗಳು ಬರುವುದು ಸಹಜ. ಕಾಯಿಯಲ್ಲಿ ಇಕ್ಕಟ್ಟಾಗಿ ಬೆಳೆದ ಗುಂಡು ಬೀಜಗಳ ಬದಿ ಚಪ್ಪಟೆಯಾಗಿರುತ್ತದೆ, ಕೆಲವುಗಳಲ್ಲಿ ಒಂದೆರಡು ತಗ್ಗುಗಳಿರುತ್ತವೆ. ನಿಜವಾದ ಸುಕ್ಕು ಬೀಜದ ಎಲ್ಲ ಮೈಯನ್ನೂ ಆವರಿಸಿ, ಅಂಕುಡೊಂಕಾದ ಮೂಲೆಗಳನ್ನು ಮಾಡಿರುತ್ತದೆ. ಈ ನಿಯಮವನ್ನು ಎಣಿಕೆಗೆ ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅನುಪಾತ ಎತ್ತ ವಾಲಿದೆಯೋ ನೋಡಿಕೊಂಡು ಸಂದೇಹದ ಬೀಜಗಳನ್ನು ಸರಿದೂಗಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ.

ಪಿಷ್ಟದ ಕಣಗಳು

ಗುಂಡು ಬೀಜಗಳ ರಾಶಿಯಲ್ಲಿ ಮೂರರಲ್ಲಿ ಒಂದು ಗಗ, ಎರಡು ಗಸ ಇರಬೇಕು. ಬೇರ್ಪಡಿಸುವುದು ಹೇಗೆ ಎಂಬುದಕ್ಕೆ ಉತ್ತರ ಸ ಆಲೀಲು ಕೆಲಸ ಮಾಡುವ ಬಗೆಯಲ್ಲಿದೆ.

ಬೀಜದಳದಲ್ಲಿ ಪಿಷ್ಟ ಕಟ್ಟುವಾಗ ಗ್ಲೂಕೋಸ್ ಘಟಕಗಳು ಮೊದಲು ಉದ್ದ ಸರಪಳಿಯಾಗಿ ಸೇರುತ್ತವೆ. ಒಂದು ಕಿಣ್ವ ಆ ಸರಪಳಿಗಳಿಗೆ ಕವಲುಗಳನ್ನು ಜೋಡಿಸುತ್ತದೆ. ಕವಲೊಡೆದದ್ದು ಅಮೈಲೋಪೆಕ್ಟಿನ್, ಬಹುಮಟ್ಟಿಗೆ ನೇರವಾಗಿ ಉಳಿದದ್ದು ಅಮೈಲೋಸ್. ಈ ಕಿಣ್ವವನ್ನು ರೂಪಿಸುವ ವಂಶವಾಹಿಯೇ ಮೆಂಡೆಲನ ಗುಂಡು–ಸುಕ್ಕಿನ ವಂಶವಾಹಿ ಎಂಬುದು 1990ರಲ್ಲಿ ಇಂಗ್ಲೆಂಡಿನ ನಾರಿಚ್‌ನ ಸಂಶೋಧಕರಿಂದ ಖಚಿತವಾಯಿತು. ಸ ಆಲೀಲಿನ ಡಿಎನ್‌ಎ ಮಧ್ಯದಲ್ಲಿ ಸುಮಾರು 800 ಅಕ್ಷರಗಳಷ್ಟು ಉದ್ದದ, ಜಾಗ ಬದಲಿಸುತ್ತ ಜಿಗಿಯುವ ವಂಶವಾಹಿಗಳ ಜಾತಿಗೆ ಸೇರಿದ ತುಂಡೊಂದು ಸೇರಿಕೊಂಡಿದೆ, ಹಾಗಾಗಿ ಆ ಪ್ರತಿಯಿಂದ ಕೆಲಸಕ್ಕೆ ಬರುವ ಕಿಣ್ವ ತಯಾರಾಗುವುದಿಲ್ಲ. ಸಸ ಬೀಜದಲ್ಲಿ ಕವಲೊಡೆದ ಪಿಷ್ಟ ಕಡಿಮೆಯಾಗುತ್ತದೆ, ಬಳಕೆಯಾಗದ ಸಕ್ಕರೆ ಉಳಿಯುತ್ತದೆ, ಸಕ್ಕರೆ ಹೆಚ್ಚಾದ ಜೀವಕೋಶಗಳು ನೀರನ್ನು ಹೆಚ್ಚು ಎಳೆದುಕೊಂಡು ಉಬ್ಬುತ್ತವೆ. ಒಣಗುವಾಗ ಆ ನೀರೆಲ್ಲ ಹೋಗಿ ಬೀಜ ಕುಗ್ಗಿದರೂ ಸಿಪ್ಪೆ ಅಷ್ಟು ಕುಗ್ಗದೆ ಮಡಿಕೆ ಬೀಳುತ್ತದೆ. ಸುಕ್ಕು ತಳಿಗಳ ಹಸಿ ಕಾಳು ಸಿಹಿಯಾಗಿರುವುದೂ ಇದೇ ಕಾರಣದಿಂದ. ಸ ಆಲೀಲು ‘ಸುಕ್ಕಾಗು’ ಎಂದು ಆಜ್ಞೆಯನ್ನೇನೂ ಹೊರಡಿಸುವುದಿಲ್ಲ. ಒಂದು ಕೆಲಸ ನಡೆಯದೆ ಹೋದದ್ದರ ಪರಿಣಾಮ ಹಲವು ಮೆಟ್ಟಿಲು ಇಳಿದು ಬಂದು ಸಿಪ್ಪೆಯ ಮೇಲೆ ಕಾಣುತ್ತದೆ.

ಗಸ ಬೀಜದಲ್ಲಿ ಒಂದು ಪ್ರತಿ ಮಾತ್ರ ಕೆಲಸ ಮಾಡುತ್ತಿದೆ. ಬೀಜ ಗುಂಡಗೆ ಉಳಿಯಲು ಅಷ್ಟೇ ಸಾಕು. ಆದರೆ ಪಿಷ್ಟದ ಕಣದ ರಚನೆಗೂ ಅಷ್ಟು ಸಾಕೇ? ಸಾಲದು ಎಂದು ಬ್ರಿಟಿಷ್ ವಿಜ್ಞಾನಿ ಎ. ಡಿ. ಡಾರ್ಬಿಶೈರ್ 1908ರಲ್ಲೇ ತೋರಿಸಿದ್ದ. ಸಂಕರ ಬೀಜಗಳ ಪಿಷ್ಟದ ಕಣಗಳು ಎರಡು ತಳಿಗಳ ನಡುವಣ ರೂಪದಲ್ಲಿರುವುದನ್ನು ಅವನು ಕಂಡಿದ್ದ. ಅದನ್ನೇ ನಾನು ಸಾಧನವಾಗಿ ಬಳಸಿಕೊಂಡೆ.

ಪುಡಿ ತೆಗೆಯುವ ಜಾಗ ಮುಖ್ಯ. ಬೀಜದ ಕಣ್ಣು ಮತ್ತು ಮೊಳಕೆ ಇರುವ ಬದಿಯನ್ನು ಬಿಟ್ಟು, ಎದುರು ಬದಿಯ ಸಿಪ್ಪೆಯನ್ನು ಸೂಜಿಯಿಂದ ಸ್ವಲ್ಪ ಕೆರೆದು, ಬೀಜದಳದಿಂದ ಕಣ್ಣಿಗೆ ಕಂಡೂ ಕಾಣದಷ್ಟು ಪುಡಿಯನ್ನು ಸ್ಲೈಡಿನ ಮೇಲಿನ ನೀರ ಹನಿಗೆ ಉದುರಿಸಿದೆ. ಇಷ್ಟು ಕೆರೆದ ಬೀಜ ಒಣಗಿಸಿಟ್ಟರೆ ಚೆನ್ನಾಗಿ ಮೊಳೆಯುತ್ತದೆ. ಬಿತ್ತುವಾಗ ಮಣ್ಣು ತೇವವಾಗಿದ್ದರೆ ಸಾಕು, ಒದ್ದೆಯಾಗಿದ್ದರೆ ಗಾಯಕ್ಕೆ ಬೂಷ್ಟು ಹಿಡಿಯುತ್ತದೆ. ಅಯೋಡಿನ್ ದ್ರಾವಣವನ್ನು ತಿಳಿ ಹಳದಿ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ, ಕವರ್‌ಸ್ಲಿಪ್ಪಿನ ಒಂದು ಅಂಚಿನಿಂದ ಹರಿಸಬೇಕು. ದ್ರಾವಣ ಗಟ್ಟಿಯಾಗಿದ್ದರೆ ಎಲ್ಲ ಕಣಗಳೂ ಕಪ್ಪಾಗಿ ಒಳಗಿನ ಬಿರುಕುಗಳು ಮುಚ್ಚಿಹೋಗುತ್ತವೆ. ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಅಯೋಡಿನ್ನಿಗೆ ಬೇರೆ ಬೇರೆ ಬಣ್ಣ ಕೊಡುತ್ತವೆಯೆಂಬುದು ನಿಜವಾದರೂ, ಮೂರೂ ಬಗೆಯ ಬೀಜಗಳಲ್ಲಿ ಎರಡೂ ಇರುವುದರಿಂದ ಬಣ್ಣವನ್ನು ನಂಬಿ ತೀರ್ಮಾನಿಸಲಿಲ್ಲ, ಆಕಾರವನ್ನೇ ನೋಡಿದೆ.

ಮೊದಲು ತಿಳಿದ ಮಾದರಿಗಳು. 400 ಪಟ್ಟು ಹಿಗ್ಗಿಸಿದಾಗ ತಂದೆ ತಳಿಯ ಗಗ ಬೀಜದಲ್ಲಿ ದೊಡ್ಡ, ನುಣುಪಾದ, ಉದ್ದನೆಯ ಅಂಡಾಕಾರದ ಬಿಡಿ ಕಣಗಳು ಕಂಡವು. ಕೆಲವಕ್ಕೆ ಉದ್ದಕ್ಕೂ ಒಂದು ಗೀರು. ತಾಯಿ ತಳಿಯ ಸಸ ಬೀಜದ ಕಣಗಳಂತೂ ಒಳಗೇ ಬಿರುಕುಬಿಟ್ಟ ಗಾಜಿನ ಗೋಲಿಗಳು: ನಡುವಿನಿಂದ ನಕ್ಷತ್ರದಂತೆ ಸೀಳುಗಳು ಹೊರಟು ನಾಲ್ಕಾರು ಹೋಳುಗಳಾಗಿದ್ದವು, ಅಲ್ಲಲ್ಲಿ ಬಿಡಿ ಹೋಳುಗಳೂ ತೇಲುತ್ತಿದ್ದವು. ಲಕೋಟೆಯಲ್ಲಿಟ್ಟಿದ್ದ ಗಸ ಬೀಜದ ಪುಡಿಯಲ್ಲಿ ಹೆಚ್ಚಿನ ಕಣಗಳು ಬಿಡಿಯಾಗಿಯೇ ಇದ್ದರೂ ಉದ್ದಕ್ಕಿಂತ ದುಂಡಗೆ ಕಾಣುತ್ತಿದ್ದವು, ಅವುಗಳ ನಡುವೆ ಹೋಳಾದ ಕಣಗಳು ಸಾಕಷ್ಟು ಬೆರೆತಿದ್ದವು. ಒಂದೇ ಕಣವನ್ನು ನೋಡಿ ತೀರ್ಪು ಕೊಡಲು ಬರುವುದಿಲ್ಲ. ಸ್ಲೈಡಿನ ಹಲವು ಭಾಗಗಳನ್ನು ಸರಿಸಿ ನೋಡಿ, ಹೋಳಾದ ಕಣಗಳ ಪ್ರಮಾಣವನ್ನೂ ಬಿಡಿ ಕಣಗಳ ಉದ್ದ–ಅಗಲಗಳನ್ನೂ ಒಟ್ಟಿಗೆ ಪರಿಗಣಿಸಬೇಕು.

ಅನಂತರ ಎರಡನೇ ತಲೆಮಾರಿನ ಗುಂಡು ಬೀಜಗಳಿಗೆ ಸಂಖ್ಯೆ ಕೊಟ್ಟು, ನಡುನಡುವೆ ತಿಳಿದ ಮಾದರಿಗಳನ್ನು ಸೇರಿಸಿ, ಸ್ಲೈಡುಗಳ ಕ್ರಮವನ್ನು ಬೇರೆಯವರಿಂದ ಕಲಸಿಸಿ ನೋಡಿದೆ. ಗಗ, ಗಸ, ಸಂದೇಹ ಎಂಬ ಮೂರು ಅಂಕಣಗಳಲ್ಲಿ ತೀರ್ಪು ಬರೆದು, ಬೀಜಗಳನ್ನು ಬಿತ್ತಿ, ಆ ಹಾಳೆಯನ್ನು ಮಡಚಿಟ್ಟೆ.

ಗಿಡಗಳ ಉತ್ತರ

ಗಸ ಗಿಡದ ಕಾಯಿಗಳಲ್ಲಿ ಒಂದೇ ಒಂದು ಸುಕ್ಕು ಬೀಜ ಕಂಡರೂ ವಿಷಯ ಇತ್ಯರ್ಥ. ಗಗ ಎನ್ನಲು ಮಾತ್ರ ಸಂಖ್ಯೆ ಬೇಕು. ಹತ್ತು ಬೀಜಗಳನ್ನು ನೋಡಿ ಒಂದೂ ಸುಕ್ಕಿಲ್ಲವೆಂದು ಗಗ ಎಂದುಬಿಟ್ಟರೆ, ಗಸ ಗಿಡವೊಂದು ಆಕಸ್ಮಿಕವಾಗಿ ತಪ್ಪಿಸಿಕೊಳ್ಳುವ ಸಾಧ್ಯತೆ ಶೇಕಡಾ 5.6ರಷ್ಟಿದೆ. ಹೂವಿನ ಬಣ್ಣದಂಥ ಲಕ್ಷಣಗಳಲ್ಲಿ ಮೆಂಡೆಲ್ ಪ್ರತಿ ಗಿಡದ ಹತ್ತು ಮಕ್ಕಳನ್ನು ಮಾತ್ರ ಬೆಳೆಸಿದ್ದನ್ನು ಎತ್ತಿಕೊಂಡು, ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ 1936ರಲ್ಲಿ ಮಾಡಿದ ಆಕ್ಷೇಪಗಳಲ್ಲಿ ಇದೂ ಒಂದು. 20 ಬೀಜಗಳನ್ನು ನೋಡಿದರೆ ಆ ಸಾಧ್ಯತೆ ಶೇಕಡಾ 0.3ಕ್ಕೆ ಇಳಿಯುತ್ತದೆ. ಬೀಜದ ಆಕಾರದಲ್ಲಿ ಒಂದು ಗಿಡದಿಂದಲೇ ಅಷ್ಟು ಬೀಜಗಳು ಸಿಗುವುದರಿಂದ ಅದಕ್ಕಿಂತ ಕಡಿಮೆ ಬೀಜ ಕೊಟ್ಟ ಗಿಡಗಳನ್ನು ಲೆಕ್ಕದಿಂದ ಕೈಬಿಟ್ಟೆ. ಮೆಂಡೆಲನದೇ ಇಂಥ ಪರೀಕ್ಷೆಯಲ್ಲಿ ಗುಂಡು ಬೀಜದಿಂದ ಬಂದ 565 ಗಿಡಗಳ ಪೈಕಿ 193 ಗುಂಡನ್ನು ಮಾತ್ರ, 372 ಎರಡನ್ನೂ ಕೊಟ್ಟಿದ್ದವು.

ಮಡಚಿಟ್ಟ ಹಾಳೆಯನ್ನು ತೆರೆದು ಹೋಲಿಸಿದಾಗ ಗಗ, ಗಸ ಎಂಬ ಅಂಕಣಗಳ ತೀರ್ಪುಗಳು ಗಿಡಗಳ ಉತ್ತರದೊಂದಿಗೆ ಹೊಂದಿಕೊಂಡವು. ಸಂದೇಹದ ಅಂಕಣದಲ್ಲಿದ್ದವು ಎರಡೂ ಕಡೆ ಹಂಚಿಹೋದವು; ಅವುಗಳಲ್ಲಿ ಹೆಚ್ಚಿನವು ಕಾಯಿಯ ತುದಿಯಲ್ಲಿದ್ದ, ಪೂರ್ತಿ ಬಲಿಯದ ಸಣ್ಣ ಬೀಜಗಳು. ಬಲಿಯದ ಬೀಜದಲ್ಲಿ ಕಣಗಳೂ ಸಣ್ಣವಾಗಿ, ಆಕಾರ ಸ್ಪಷ್ಟವಾಗದೆ ಉಳಿಯುವುದರಿಂದ ಈ ವಿಧಾನಕ್ಕೆ ಚೆನ್ನಾಗಿ ತುಂಬಿದ ಬೀಜಗಳನ್ನೇ ಆರಿಸಬೇಕು.

ಇದರಿಂದ ‘ಪ್ರಬಲ’, ‘ದುರ್ಬಲ’ ಎಂಬ ಪಾಠದ ಮಾತುಗಳನ್ನು ಓದುವ ನನ್ನ ರೀತಿಯೇ ಬದಲಾಗಿದೆ. ಒಣಗಿದ ಬೀಜವನ್ನು ಬರಿಗಣ್ಣಿನಲ್ಲಿ ನೋಡಿದರೆ ಗ ಪೂರ್ತಿಯಾಗಿ ಪ್ರಬಲ. ಪಿಷ್ಟದ ಕಣವನ್ನು ನೋಡಿದರೆ ಗಸ ನಡುವೆ ನಿಲ್ಲುತ್ತದೆ, ಯಾವುದೂ ಪೂರ್ತಿ ಗೆದ್ದಿಲ್ಲ. ಡಿಎನ್‌ಎಯನ್ನೇ ನೋಡಿದರೆ ತುಂಡು ಸೇರಿದ ಪ್ರತಿಯೂ ಸೇರದ ಪ್ರತಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ಆಲೀಲುಗಳು ಮೂರೂ ಕಡೆ ಅವೇ. ನಾವು ಯಾವ ಮಟ್ಟದಲ್ಲಿ ನೋಡುತ್ತೇವೆಯೋ ಅದಕ್ಕೆ ತಕ್ಕಂತೆ ಪ್ರಾಬಲ್ಯ ಬದಲಾಗುತ್ತದೆ. ಕುಡುಗೋಲು ಕಣದ ರಕ್ತಹೀನತೆಯಲ್ಲೂ ಇದೇ ಕಥೆ: ತೀವ್ರವಾದ ಕಾಯಿಲೆ ಬರಲು ಎರಡು ಪ್ರತಿಗಳು ಬೇಕಾದರೂ, ಒಂದೇ ಪ್ರತಿ ಇರುವವರ ರಕ್ತದಲ್ಲಿ ಎರಡು ಬಗೆಯ ಹಿಮೋಗ್ಲೋಬಿನ್ ಒಟ್ಟಿಗೇ ಇರುತ್ತವೆ. ಮನುಷ್ಯರ ಎತ್ತರ, ಚರ್ಮದ ಬಣ್ಣ ಮುಂತಾದವು ಹಲವು ವಂಶವಾಹಿಗಳ ಕೂಡುಕೆಲಸವಾದ್ದರಿಂದ ಅಲ್ಲಿ ಮೂರಕ್ಕೊಂದರ ಲೆಕ್ಕವನ್ನು ಹುಡುಕಲು ಹೋಗಬಾರದು.

ಈಗ ಕುಂಡಗಳಲ್ಲಿರುವುದು

ಸುಕ್ಕು ಬೀಜಕ್ಕೆ ಈ ಒಂದು ವಂಶವಾಹಿಯೇ ಕಾರಣವಾಗಬೇಕೆಂದಿಲ್ಲ. ಆರ್‌ಬಿ ಎಂದು ಗುರುತಿಸಲಾಗುವ ಇನ್ನೊಂದು ವಂಶವಾಹಿ ಕೆಟ್ಟರೂ ಬೀಜ ಸುಕ್ಕಾಗುತ್ತದೆ. ಅದು ಪಿಷ್ಟ ಕಟ್ಟುವ ಕೆಲಸದ ಬೇರೊಂದು, ಮೊದಲಿನ ಹಂತಕ್ಕೆ ಸಂಬಂಧಿಸಿದ್ದು, ಮತ್ತು ಅಂಥ ಬೀಜದ ಪಿಷ್ಟದ ಕಣಗಳು ಹೋಳಾಗದೆ ಬಿಡಿಯಾಗಿಯೇ ಇರುತ್ತವೆ. ಬೇರೆಡೆಯಿಂದ ಬಂದ ಒಂದು ಸುಕ್ಕು ತಳಿಯ ಪುಡಿಯಲ್ಲಿ ನಕ್ಷತ್ರದ ಸೀಳುಗಳು ಕಾಣಲಿಲ್ಲವಾದ್ದರಿಂದ ಅದನ್ನು ನನ್ನ ಹಳೆಯ ಸುಕ್ಕು ತಳಿಯೊಂದಿಗೆ ಸಂಕರಣ ಮಾಡಿದ್ದೇನೆ. ಎರಡೂ ಒಂದೇ ವಂಶವಾಹಿಯಲ್ಲಿ ಕೆಟ್ಟಿದ್ದರೆ ಕಾಯಿಯಲ್ಲಿ ಸುಕ್ಕೇ ಬರಬೇಕು. ಬೇರೆ ಬೇರೆ ವಂಶವಾಹಿಗಳಲ್ಲಿ ಕೆಟ್ಟಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ, ಸುಕ್ಕು ತಾಯಿಗೂ ಸುಕ್ಕು ತಂದೆಗೂ ಗುಂಡು ಮಕ್ಕಳು ಹುಟ್ಟಬೇಕು. ಇಲ್ಲಿ ತಾಯಿಯೂ ಸುಕ್ಕು, ತಂದೆಯೂ ಸುಕ್ಕು ಆಗಿರುವುದರಿಂದ, ಸುಕ್ಕು ಬೀಜ ಬಂದರೆ ಸಂಕರಣ ವಿಫಲವಾಯಿತೋ ಎರಡೂ ಒಂದೇ ವಂಶವಾಹಿಯೋ ಎಂದು ಬೀಜವೊಂದೇ ಹೇಳಲಾರದು. ಅದಕ್ಕಾಗಿ ತಾಯಿಗೆ ಬಿಳಿ ಹೂವಿನ ಗಿಡವನ್ನೂ ತಂದೆಗೆ ನೇರಳೆ ಹೂವಿನ ಗಿಡವನ್ನೂ ಆರಿಸಿದ್ದೇನೆ. ನೇರಳೆ ಪ್ರಬಲವಾದ್ದರಿಂದ, ಈ ಬೀಜಗಳ ಆಕಾರವನ್ನು ಬರೆದಿಟ್ಟು ಬಿತ್ತಿ, ಅವುಗಳಲ್ಲಿ ನೇರಳೆ ಹೂ ಬಿಡುವ ಗಿಡವಾಗಿ ಬೆಳೆದ ಬೀಜಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.